ಮಗಳ ಕಾಯಂ ವಿಳಾಸ

ಬ್ಯಾಡಗಿಯ ಮೆಣಸಿನಕಾಯಿ ಯಾರ್ಡಿನಲ್ಲಿ ಧನವ್ವ ಎಂದರೆ ಗೊತ್ತಿಲ್ಲದವರಿರಲಿಲ್ಲ. ಹಾಗಂತ ಆಕೆ ದೊಡ್ಡ ಹೆಂಗಸೇನಲ್ಲ. ಇಪ್ಪತ್ತು ವರ್ಷ ಒಂದೇ ದಲಾಲರ ಅಂಗಡಿಯ ಮುಂದೆ ಕುಂತು ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸಿದವಳು. ಮುಂಜಾನೆ ಎಂಟಕ್ಕೆ ಕುಂತರೆ ಸಂಜೆ ಆರಕ್ಕೆ ಏಳುವುದು. ನಡುವೆ ಸೀನುವುದು, ಕೆಮ್ಮುವುದು, ಮರೆತು ಕಣ್ಣು ಒರೆಸಿಕೊಳ್ಳುವುದು, ಒರೆಸಿಕೊಂಡ ತಪ್ಪಿಗೆ ಹತ್ತು ನಿಮಿಷ ಕಣ್ಣೀರು ಸುರಿಸುವುದು. ಆ ಸಾಲಿನಲ್ಲಿ ಕುಂತ ಐವತ್ತು ಹೆಂಗಸರದೂ ಇದೇ ಬದುಕು. ಧನವ್ವನಲ್ಲಿ ಬೇರೆಯಾಗಿದ್ದುದು ಮುಖವೊಂದೇ. ಆ ಮುಖವನ್ನು ಊರು ಇಪ್ಪತ್ತು ವರ್ಷ ನೋಡಿಯೂ ನೋಡದ ಹಾಗೆ ಇತ್ತು. ಬೇಕಾದಾಗ ನೋಡಿದರಾಯಿತು ಎಂದು ಇಟ್ಟುಕೊಂಡಿತ್ತೇನೋ.

ಆಕೆಯ ಹೆತ್ತವರು ಇಟ್ಟ ಹೆಸರು ಧನಮಾಯಾ. ನೇಪಾಳದ ಅಛಾಮ್ ಎಂಬ ಬೆಟ್ಟದ ಜಿಲ್ಲೆಯವಳು. ಗಂಡ ದಿಲ್‌ಬಹದ್ದೂರ್ ಮೊದಲೇ ಬ್ಯಾಡಗಿಗೆ ಬಂದು ಒಂದು ಕೋಲ್ಡ್ ಸ್ಟೋರೇಜಿನ ಗೇಟು ಕಾಯುತ್ತಿದ್ದ. ಎರಡು ಸಾವಿರದ ಮೂರರಲ್ಲಿ ಮದುವೆಯಾಗಿ ಹೆಂಡತಿಯನ್ನು ಕರೆತಂದ. ಊರವರು ಆತನನ್ನು ಬಾದೂರ ಎಂದರು, ಆಕೆಯನ್ನು ಧನವ್ವ ಎಂದರು. ಹೆಸರಿಗೆ ಅವ್ವ ಹತ್ತಿದ ದಿನ ತಾನು ಈ ಊರವಳಾದೆ ಎಂದು ಆಕೆ ತಿಳಿದಳು. ಮೂರು ವರ್ಷಕ್ಕೆ ಬಸಿರಾದಳು. ಹೆರಿಗೆ ಕಷ್ಟವಾಗಿ ಹಾವೇರಿಗೆ ಒಯ್ದು ಹೊಟ್ಟೆ ಕೊಯ್ದು ಕೂಸು ತೆಗೆದರು. ಹೆಣ್ಣು ಕೂಸು. ಶೀಲಾ ಎಂದು ಹೆಸರಿಟ್ಟರು. ಎರಡೂ ಕಡೆ ನಡೆಯುವ ಹೆಸರು ಎಂದು ಬಾದೂರ ಬಹಳ ಯೋಚಿಸಿ ಆರಿಸಿದ್ದ. ಶೀಲಾ ಸಣ್ಣವಳಿದ್ದಾಗ ತಾಯಿಯ ಹೊಟ್ಟೆಯ ಮೇಲಿನ ಆ ಗೆರೆಯ ಮೇಲೆ ಕೈಯಿಟ್ಟುಕೊಂಡೇ ಮಲಗುತ್ತಿದ್ದಳು. ಇದೇನವ್ವ ಎಂದು ಕೇಳಿದರೆ, ನೀ ಬಂದ ಬಾಗಿಲ ಎಂದು ಧನವ್ವ ಹೇಳುತ್ತಿದ್ದಳು.

ಎಲ್ಲ ಕೆಟ್ಟದ್ದು ಒಬ್ಬ ಒಳ್ಳೆಯ ಮನುಷ್ಯನಿಂದ. ಚಂದ್ರಪ್ಪ ಮಾಸ್ತರರು ಓಣಿಯ ಶಾಲೆಯ ಹೆಡ್ ಮಾಸ್ತರರು. ಮಕ್ಕಳ ಮೇಲೆ ಜೀವ ಇಟ್ಟವರು, ಕೈಬರಹಕ್ಕೆ ಹೆಸರಾದವರು. ಶೀಲಾಳನ್ನು ಒಂದನೇ ಇಯತ್ತೆಗೆ ಹಾಕಲು ಬಾದೂರ ಹೋದಾಗ ಅವರು ರೇಷನ್ ಕಾರ್ಡು ಕೇಳಿದರು, ಇಲ್ಲ. ಜಾತಿ ದಾಖಲೆ ಕೇಳಿದರು, ಇಲ್ಲ. ಮಾಸ್ತರರಿಗೆ ಮರುಕ ಬಂತು. ಈ ಕಡೆ ಒಂದು ರೂಢಿ ಇದೆ. ಅಕ್ಕನ ಮನೆಯಲ್ಲೋ ಕಾಕಾನ ಮನೆಯಲ್ಲೋ ಇದ್ದು ಕಲಿಯುವ ಮಕ್ಕಳಿಗೆ, ಮುಂದೆ ತೊಡಕು ಬೇಡವೆಂದು, ಸಾಕಿದವರ ಹೆಸರನ್ನೇ ತಂದೆಯ ಹೆಸರಾಗಿ ಶಾಲೆಯ ದಾಖಲೆಯಲ್ಲಿ ಬರೆದುಬಿಡುತ್ತಾರೆ. ಮಾಸ್ತರರು ಅಂಥ ಹತ್ತಾರು ಮಕ್ಕಳನ್ನು ದಾಟಿಸಿದ್ದರು. ಇದೂ ಒಂದು ಎಂದುಕೊಂಡರು.

ಪಕ್ಕದ ಮನೆಯ ಭರಮಣ್ಣ ಹೊಸಮನಿ ಯಾರ್ಡಿನಲ್ಲಿ ತೂಕ ಮಾಡುವವನು. ಆತನಿಗೂ ಹೆಂಡತಿ ಮಹೇಶ್ವರಿಗೂ ಮಕ್ಕಳಿರಲಿಲ್ಲ. ಶೀಲಾ ಹಗಲೆಲ್ಲ ಅವರ ಮನೆಯಲ್ಲೇ ಇರುತ್ತಿದ್ದಳು. ಮಾಸ್ತರರು ಭರಮಣ್ಣನನ್ನು ಕರೆಸಿ ಕೇಳಿದರು. ಆತ ಹಿಂದೆಮುಂದೆ ನೋಡಿದ. ಮಹೇಶ್ವರಿ ನೋಡಲಿಲ್ಲ, ಬರೀರಿ ಎಂದಳು. "ಶೀಲಾ ಭರಮಣ್ಣ ಹೊಸಮನಿ, ತಾಯಿ ಮಹೇಶ್ವರಿ" ಎಂದು ಮಾಸ್ತರರು ದುಂಡಗೆ ಬರೆದರು. "ಪಟ್ಟಿಯೊಳಗಷ್ಟ ಇದು, ಮಗಳು ನಿಮ್ಮಾಕಿನ" ಎಂದು ಬಾದೂರನ ಬೆನ್ನು ತಟ್ಟಿದರು. ಬಾದೂರ ಶಾಲೆಗೆಲ್ಲ ಪೇಢೆ ಹಂಚಿದ. ಧನವ್ವ ಮಹೇಶ್ವರಿಯ ಕಾಲಿಗೆ ಬಿದ್ದಳು. ಬಿದ್ದವಳನ್ನು ಎತ್ತುವಾಗ ಮಹೇಶ್ವರಿಯ ಮುಖದಲ್ಲಿ ಏನಿತ್ತು ಎಂದು ಆಕೆ ನೋಡಬೇಕಿತ್ತು, ನೋಡಲಿಲ್ಲ.

ಬಾದೂರ ನಾಲ್ಕು ವರ್ಷದ ಮೇಲೆ ಜ್ವರ ಬಂದು ಒಂದೇ ವಾರದಲ್ಲಿ ಸತ್ತ. ಉಳಿದದ್ದು ಒಂದು ತಗಡಿನ ಟ್ರಂಕು. ಅದರಲ್ಲಿ ಆತನ ನೇಪಾಳದ ನಾಗರಿಕತ್ವದ ಕಾಗದ, ಶೀಲಾಳ ಜನನ ಪತ್ರ. ಕಾಗದದ ಮೂಲೆಗೆ ಆತನ ಇಪ್ಪತ್ತರ ವಯಸ್ಸಿನ ಫೋಟೋ ಅಂಟಿಸಿ, ಅರ್ಧ ಫೋಟೋದ ಮೇಲೆ ಅರ್ಧ ಕಾಗದದ ಮೇಲೆ ಬರುವಂತೆ ಶಿಕ್ಕಾ ಒತ್ತಿದ್ದರು. ಬೇರೆ ಫೋಟೋ ತೆಗೆಸಿಕೊಂಡವನಲ್ಲ. ಧನವ್ವ ಹಬ್ಬಕ್ಕೊಮ್ಮೆ ಟ್ರಂಕು ತೆರೆದು ಗಂಡನ ಮುಖ ನೋಡಿ ಮುಚ್ಚುತ್ತಿದ್ದಳು. ತನ್ನ ಹೆಸರಿನ ಕಾಗದವನ್ನು ಆಕೆ ಮಾಡಿಸಿರಲೇ ಇಲ್ಲ. ಗಂಡನದೊಂದು ಇದೆಯಲ್ಲ, ಸಾಕು ಎಂದುಕೊಂಡಿದ್ದಳು.

ಶೀಲಾ ಓದಿನಲ್ಲಿ ಬಲು ಚುರುಕು. ಪಿಯುಸಿಯಲ್ಲಿ ತಾಲೂಕಿಗೇ ಎದ್ದು ಕಾಣುವ ಅಂಕ ಬಂದವು. ನರ್ಸಿಂಗ್ ಓದಬೇಕು, ಸರಕಾರಿ ಸೀಟು ಬೇಕು ಎಂದಳು. ಸೀಟಿಗೆ ಅರ್ಜಿ ಹಾಕುವ ಹೊತ್ತಿಗೆ ಧನವ್ವನಿಗೆ ದಿಗಿಲು ಹತ್ತಿತು. ಮಗಳು ಈ ನೆಲದವಳು ಎಂದು ಕಾಯಂ ಆಗಬೇಕು, ಅದೂ ತನ್ನಪ್ಪನ ಹೆಸರಿನಲ್ಲಿ ಆಗಬೇಕು ಎಂಬ ಆಸೆ. ಮಗಳನ್ನು ಕರೆದುಕೊಂಡು ಹಾವೇರಿಗೆ ಹೋಗಿ ವಿಜಯಮಹಾಂತೇಶ ಎಂಬ ವಕೀಲನ ಮುಂದೆ ಕುಂತಳು. ಆತ ಎಲ್ಲ ಕೇಳಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟ. ಹುಡುಗಿ ಹುಟ್ಟಿದ್ದು ಇಲ್ಲೇ ಇರಬಹುದು, ಆದರೆ ಹೆತ್ತವರಿಬ್ಬರೂ ಈ ದೇಶದವರಲ್ಲ ಎಂದರೆ ಆಕೆಯೂ ಅಲ್ಲ. ಇರಬೇಡ ಎಂದು ಯಾರೂ ಓಡಿಸುವುದಿಲ್ಲ, ಆದರೆ ಸರಕಾರಿ ಸೀಟು ಕೊಡುವುದಿಲ್ಲ ಎಂದ. ದತ್ತಕದ ಮಾತೆತ್ತಿದರೆ, ಆ ವಯಸ್ಸು ದಾಟಿತು ಎಂದ. ಇಲ್ಲಿ ಅರ್ಜಿ ಹಾಕಿ ವರ್ಷಗಟ್ಟಲೆ ಕಾಯಬಹುದು, ಅದಕ್ಕೂ ಮೊದಲು ಆಕೆ ಯಾರ ಮಗಳು ಎಂದು ತೋರಿಸಬೇಕು. ಅದಕ್ಕೆ ನೇಪಾಳಕ್ಕೆ ಹೋಗಿ ಅಪ್ಪನ ಕಾಗದದ ಮೇಲೆ ಮಗಳದನ್ನು ಮಾಡಿಸಿಕೊಂಡು ಬರ್ರಿ ಎಂದ.

"ಇಲ್ಲಾಂದ್ರ?" ಎಂದು ಶೀಲಾ ಕೇಳಿದಳು.

"ಇಲ್ಲಾಂದ್ರ ಬಾಯಿ ಮುಚ್ಚಿಕೊಂಡಿರ್ರಿ. ಶಾಲಿ ಕಾಗದದಾಗ ನೀ ಹೊಸಮನ್ಯಾರ ಮಗಳಿದ್ದಿ. ಇದನ್ನ ನಾ ಹೇಳಿಲ್ಲ, ನೀವು ಕೇಳಿಲ್ಲ."

ಧನವ್ವ ಮೊದಲ ದಾರಿಯನ್ನೇ ಹಿಡಿದಳು. ನಾಲ್ಕು ದಿನ ರೈಲು, ಬಸ್ಸು, ಜೀಪು ಹತ್ತಿಳಿದು ತಾಯಿ ಮಗಳು ಅಛಾಮಿನ ಆ ಬೆಟ್ಟದ ಊರಿಗೆ ಮುಟ್ಟಿದರು. ಅಲ್ಲಿನ ಕಚೇರಿಯಲ್ಲಿ ತಂದೆ ಸತ್ತಿದ್ದರೆ ತಂದೆಯ ಕಡೆಯ ಹತ್ತಿರದವರೊಬ್ಬರು ಬಂದು ಗುರುತು ಹೇಳಬೇಕು ಎಂದರು. ಹತ್ತಿರದವನು ಬಾದೂರನ ಅಣ್ಣನೊಬ್ಬನೇ. ಹುಡುಗಿಗೆ ಕಾಗದ ಸಿಕ್ಕರೆ ತಮ್ಮನ ಪಾಲಿನ ಎರಡು ಮೆಟ್ಟಿಲು ಗದ್ದೆಗೆ ಹಕ್ಕುದಾರಳಾಗುತ್ತಾಳೆ ಎಂಬುದು ಆತನಿಗೆ ಚೆನ್ನಾಗಿ ಗೊತ್ತಿತ್ತು. ಬಾವ ಗಲಾಟೆ ಮಾಡಲಿಲ್ಲ. ಊಟ ಹಾಕಿದ. ಮರುದಿನ ಕಚೇರಿಗೆ ಬಂದು, ಶೀಲಾಳ ಅಂಕಪಟ್ಟಿ ಇಸಿದುಕೊಂಡು, ಅದರಲ್ಲಿನ ತಂದೆಯ ಹೆಸರನ್ನು ಓದಿ ನೋಡಿ ಎಂದು ಸಾಹೇಬನಿಗೆ ಕೊಟ್ಟ. ಸಾಹೇಬ ಇಂಗ್ಲಿಷಿನಲ್ಲಿದ್ದುದನ್ನು ಓದಿದ: ಭರಮಣ್ಣ. ನನ್ನ ತಮ್ಮನ ಹೆಸರು ದಿಲ್‌ಬಹದ್ದೂರ್, ಈ ಹುಡುಗಿ ಯಾರದೆಂದು ನನಗೆ ಗೊತ್ತಿಲ್ಲ ಎಂದು ಬಾವ ಕೈ ಮುಗಿದ. ಧನವ್ವ ಜನನ ಪತ್ರ ಹಿಡಿದು ಅತ್ತಳು. ಕನ್ನಡದಲ್ಲಿದ್ದ ಆ ಪತ್ರವನ್ನು ಅಲ್ಲಿ ಓದುವವರಿರಲಿಲ್ಲ. ಚಂದ್ರಪ್ಪ ಮಾಸ್ತರರ ಮರುಕ ಸಾವಿರಾರು ಮೈಲಿ ಬೆನ್ನು ಹತ್ತಿ ಹೋಗಿ ಆ ಬಾಗಿಲನ್ನೂ ಹಾಕಿತು. ಒಳ್ಳೆಯವರ ತಪ್ಪು ಹೀಗೇ, ಕೆಟ್ಟವರ ಕೈಗೆ ಸಿಕ್ಕಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ.

ತಿರುಗಿ ಬಂದು ಬ್ಯಾಡಗಿಯಲ್ಲಿ ಇಳಿದ ಶೀಲಾ ನೇರ ಮಹೇಶ್ವರಿಯ ಮನೆಗೆ ಹೋದಳು. ಅಂದಿನಿಂದ ಅಲ್ಲೇ ಉಂಡಳು, ಅಲ್ಲೇ ಮಲಗಿದಳು. ಅದುವರೆಗೆ ಚಿಗವ್ವ ಎನ್ನುತ್ತಿದ್ದವಳನ್ನು ಅವ್ವ ಎಂದು ಕರೆಯತೊಡಗಿದಳು. ರೂಢಿಯಾಗಲಿ ಎಂದು ಹಾಗೆ ಕರೆಯುತ್ತೇನೆ ಎಂದು ಧನವ್ವನಿಗೆ ಹೇಳಿದಳು. ಧನವ್ವ ಒಪ್ಪಿದಳು. ಕರೆಯಲಿ, ಕರೆದರೆ ಏನು ಸವೆಯುತ್ತದೆ ಎಂದು ಯಾರ್ಡಿನ ಹೆಂಗಸರ ಮುಂದೆ ನಕ್ಕಳು.

ವಾಸದ ಪ್ರಮಾಣಪತ್ರಕ್ಕೆ ಭರಮಣ್ಣನ ಮಗಳಾಗಿ ಅರ್ಜಿ ಹಾಕಿದರು. ಎಂಟು ದಿನಕ್ಕೆ ತಹಶೀಲ್ದಾರರ ಕಚೇರಿಗೆ ಹೆಸರಿಲ್ಲದ ಒಂದು ತಕರಾರು ಹೋಯಿತು. ಶೀಲಾ ಹೊಸಮನಿ ಎಂಬವಳು ನೇಪಾಳದ ಧನವ್ವನ ಮಗಳು, ಊರ ಮಕ್ಕಳ ಸೀಟು ಕಸಿಯುತ್ತಿದ್ದಾಳೆ ಎಂದು ಬರೆದಿತ್ತು. ಬರೆದವರು ಯಾರೆಂದು ಇಂದಿಗೂ ಗೊತ್ತಿಲ್ಲ. ಬಾದೂರನ ಪೇಢೆ ತಿಂದವರೇ ಇರಬೇಕು, ಆ ಓಣಿಯಲ್ಲಿ ತಿನ್ನದವರು ಯಾರಿದ್ದರು?

ತಕರಾರು ಬಂದಮೇಲೆ ಚೌಕಾಶಿ, ಅಂದರೆ ವಿಚಾರಣೆ, ಆಗಲೇಬೇಕು. ಒಂದು ಮಧ್ಯಾಹ್ನ ತಹಶೀಲ್ದಾರರ ಕೈಕೆಳಗಿನ ಗ್ರಾಮಲೆಕ್ಕಿಗ, ತಲಾಟಿ ಬಂದ. ಆ ಹುದ್ದೆಗೆ ಸರಕಾರ ಎಷ್ಟು ಹೆಸರು ಬದಲಿಸಿದರೂ ಈ ಕಡೆ ಅವನು ತಲಾಟಿಯೇ. ಭರಮಣ್ಣನ ಪಡಸಾಲೆಯಲ್ಲಿ ಕುರ್ಚಿ ಹಾಕಿದರು. ಓಣಿಯ ಐದು ಜನ ಪಂಚರಾಗಿ ಬಂದು ಕುಂತರು. ಶೀಲಾ ಭರಮಣ್ಣನ ಮಗಳೇ ಎಂಬ ಹೇಳಿಕೆಗೆ ತತ್ತಿ ಮಾರುವ ಜಾಕೀರ್ ಮೊದಲ ಸಹಿ ಮಾಡಿದ, ಉಳಿದವರೂ ಮಾಡಿದರು. ಸುಳ್ಳೆಂದು ಐವರಿಗೂ ಗೊತ್ತಿತ್ತು. ಹುಡುಗಿಯ ಬಾಳು ನೇರಾಗಲಿ ಎಂದೇ ಸಹಿ ಮಾಡಿದರು ಎಂಬುದನ್ನೂ ಹೇಳಬೇಕು. ತಲಾಟಿ ಕೆಟ್ಟವನಲ್ಲ, ಕೆಲಸ ಬಲ್ಲವನು. ತಕರಾರಿನಲ್ಲಿ ಹೆಸರಿದ್ದ ಹೆಂಗಸನ್ನು ಕರೆಯಿರಿ ಎಂದ.

ಧನವ್ವನನ್ನು ಯಾರ್ಡಿನಿಂದ ಕರೆತಂದರು. ಕೈ ತೊಳೆಯಲೂ ಬಿಟ್ಟಿರಲಿಲ್ಲ. ಮೆಣಸಿನಕಾಯಿಯ ಘಾಟು ಆಕೆಯ ಜೊತೆಗೇ ಒಳಗೆ ಬಂದು ತಲಾಟಿ ಸೀನಿದ. ಆಕೆಯನ್ನೂ ಶೀಲಾಳನ್ನೂ ಎದುರುಬದುರು ನಿಲ್ಲಿಸಿ ಒಮ್ಮೆ ಅವಳ ಮುಖ, ಒಮ್ಮೆ ಇವಳ ಮುಖ ನೋಡಿದ.

"ಈಕಿ ಯಾರು ನಿನಗ?" ಎಂದು ಶೀಲಾಳನ್ನು ಕೇಳಿದ.

ಯಾರೂ ಅಲ್ಲ ಎಂದಿದ್ದರೆ ಸಾಕಿತ್ತು. ಹಾಗೆಂದೇ ಮಹೇಶ್ವರಿ ಹೇಳಿಕೊಟ್ಟಿದ್ದಳು. ಶೀಲಾ ಅಷ್ಟಕ್ಕೆ ನಿಲ್ಲಲಿಲ್ಲ.

"ಯಾರ್ಡಿನ್ಯಾಗ ತುಂಬು ಬಿಡಸಾಕ ಬರ್ತಾಳ್ರಿ. ನೇಪಾಳದಾಕಿ. ಸಣ್ಣಾಕಿದ್ದಾಗ ನನ್ನ ಎತ್ತಿ ಆಡಿಸ್ಯಾಳಂತ, ಅದಕ್ಕ ಮಗಳು ಮಗಳು ಅಂತ ಬೆನ್ನ ಹತ್ತತಾಳ. ನಮ್ಮವ್ವಗ ಸೇರೂದಿಲ್ರಿ ಅದು."

ತಲಾಟಿ ಧನವ್ವನ ಕಡೆ ತಿರುಗಿ, ಹೌದೇನವ್ವ ಎಂದ. ಧನವ್ವ ಹೌದ್ರಿ ಸಾಹೇಬ್ರ ಎಂದಳು. ಆತ ಬರೆಯತೊಡಗಿದ. ಬರೆದದ್ದನ್ನು ಗಟ್ಟಿಯಾಗಿ ಓದಿ ಹೇಳಿದ: "ಸದರಿ ಶೀಲಾ ಇವಳು ನನ್ನ ಮಗಳಲ್ಲ. ಇವಳನ್ನು ನಾನು ಹೆತ್ತಿರುವುದಿಲ್ಲ. ಇವಳ ಮೇಲೆ ನನ್ನ ಯಾವುದೇ ಹಕ್ಕು ಸಂಬಂಧ ಇರುವುದಿಲ್ಲ. ಓದಿ ಹೇಳಿಸಿ ಕೇಳಿದ್ದು ನಿಜವಿರುತ್ತದೆ." ಇದರ ಕೆಳಗೆ ಹೆಬ್ಬೆಟ್ಟು ಒತ್ತು ಎಂದ.

ಒತ್ತಿದಳು. ಮೂಡಲಿಲ್ಲ. ಇಪ್ಪತ್ತು ವರ್ಷ ಮೆಣಸಿನಕಾಯಿ ಚಿವುಟಿ ಚಿವುಟಿ ಬೆರಳಿನ ಗೆರೆಯೆಲ್ಲ ಸವೆದುಹೋಗಿ ಕಾಗದದ ಮೇಲೆ ಬರೀ ಒಂದು ನೀಲಿ ಕಲೆ ಬಿತ್ತು. ಇನ್ನೊಮ್ಮೆ ಒತ್ತು ಎಂದ. ಮತ್ತೂ ಅಷ್ಟೇ. ಗೆರೆ ಕಾಣದಿದ್ದರೆ ನಾಳೆ ಇದು ನಿಲ್ಲುವುದಿಲ್ಲ ಎಂದು ತಲಾಟಿ ಬೇಸರಪಟ್ಟ. ಆಗ ಶೀಲಾ ಎದ್ದು ಬಂದಳು. ತನ್ನ ಓಢಣಿಯ ಸೆರಗಿನಿಂದ ತಾಯಿಯ ಬೆರಳನ್ನು ತಿಕ್ಕಿ ಒರೆಸಿದಳು, ಹೊಸದಾಗಿ ಶಾಯಿ ಹಚ್ಚಿದಳು, ಮಣಿಕಟ್ಟು ಹಿಡಿದು ಹೆಬ್ಬೆಟ್ಟನ್ನು ಕಾಗದದ ಮೇಲಿಟ್ಟು ತನ್ನ ಕೈಯಿಂದಲೇ ಜೋರಾಗಿ ಒತ್ತಿದಳು. ನಾಲ್ಕು ಗೆರೆ ಮೂಡಿದವು. ತಲಾಟಿ, ಹಾಂ, ಈಗ ಸರಿ ಎಂದ. ಎಷ್ಟೋ ದಿನಗಳಾದ ಮೇಲೆ ಮಗಳು ಕೈ ಹಿಡಿದಿದ್ದಳು. ಆ ಕ್ಷಣದಲ್ಲೂ ಧನವ್ವನಿಗೆ ಅದು ಹಿತವೆನಿಸಿತು. ಹೆತ್ತ ಹೊಟ್ಟೆಗೆ ನಾಚಿಕೆ ಎಂಬುದಿಲ್ಲ.

ತಲಾಟಿ ಹೋದಮೇಲೆ ಮಹೇಶ್ವರಿ ಚಹಾ ಮಾಡಿದಳು. ಧನವ್ವನಿಗೂ ಒಂದು ಕಪ್ಪು ಕೊಟ್ಟು, ಎರಡು ಮುಖ ಒಂದೇ ಓಣಿಯಲ್ಲಿ ಓಡಾಡಿದರೆ ಇಂಥ ತಕರಾರು ಇನ್ನೂ ಹತ್ತು ಬರುತ್ತವೆ ಎಂದಳು. ಮುಂದಿನದನ್ನು ಆಕೆ ಹೇಳಲಿಲ್ಲ. ಶೀಲಾ ಹೇಳಿದಳು.

"ರಾಣೆಬೆನ್ನೂರಾಗ ಬೀಜದ ಕಂಪನ್ಯಾಗ ಕೆಲಸ ಐತಂತ. ನೀ ಅಲ್ಲಿ ಹೋಗು. ಫೋನ್ ಮಾಡಬ್ಯಾಡ, ಹಾಸ್ಟೆಲ್ಲಿಗಂತೂ ಬರಬ್ಯಾಡ."

"ನೌಕರಿ ಸಿಕ್ಕಮ್ಯಾಲ?" ಎಂದು ಧನವ್ವ ಕೇಳಿದಳು.

ಭರಮಣ್ಣ ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋಗಿಬಿಟ್ಟ. ಆತ ಹುಟ್ಟಾ ಹಾಗೆಯೇ, ಅಳುವ ಕಡೆ ನಿಲ್ಲುವವನಲ್ಲ.

ಮರುದಿನ ಮುಂಜಾನೆ ಶೀಲಾ ತಾಯಿಯ ಮನೆಗೆ ಬಂದು ಟ್ರಂಕು ತೆರೆದಳು. ಜನನ ಪತ್ರ, ಅಪ್ಪನ ಕಾಗದ ಎರಡನ್ನೂ ತೆಗೆದಳು. ಇವು ಯಾರ ಕೈಗಾದರೂ ಸಿಕ್ಕರೆ ನನ್ನ ಕಥೆ ಮುಗಿಯಿತು ಎಂದಳು. ಆ ಕಾಗದ ಹೋದರೆ ತನಗೂ ಯಾವ ದೇಶವೂ ಉಳಿಯುವುದಿಲ್ಲ ಎಂಬುದು ಧನವ್ವನ ತಲೆಗೆ ಹೋಗಿತ್ತೋ ಇಲ್ಲವೋ, ಆಕೆ ಅದನ್ನು ಕೇಳಲಿಲ್ಲ. ಫೋಟೋ ಒಂದನ್ನು ಕತ್ತರಿಸಿಕೊಡು, ನಿಮ್ಮಪ್ಪನ ಮುಖ ಅದೊಂದೇ ಇರುವುದು ಎಂದು ಬೇಡಿಕೊಂಡಳು. ಶೀಲಾ ಫೋಟೋವನ್ನು ಬೆಳಕಿಗೆ ಹಿಡಿದು ನೋಡಿ, ಶಿಕ್ಕಾದ ಅರ್ಧ ಇದರ ಮೇಲೇ ಇದೆ, ಆಗುವುದಿಲ್ಲ ಎಂದಳು. ನೀರು ಕಾಯಿಸುವ ಹಂಡೆಯ ಒಲೆ ಉರಿಯುತ್ತಿತ್ತು. ಅದರಲ್ಲಿ ಹಾಕಿ, ಪೂರ್ತಿ ಸುಡುವ ತನಕ ಕುಂತು, ಬೂದಿ ಕೆದರಿ ಎದ್ದಳು. ಅದೇ ನೀರಿನಲ್ಲಿ ಧನವ್ವ ಮೈ ತೊಳೆದುಕೊಂಡು ರಾಣೆಬೆನ್ನೂರಿನ ಬಸ್ಸು ಹತ್ತಿದಳು.

ಪ್ರಮಾಣಪತ್ರ ಬಂತು, ಸೀಟು ಸಿಕ್ಕಿತು. ಇಪ್ಪತ್ತೈದು ಕಿಲೋಮೀಟರ್ ದೂರದ ರಾಣೆಬೆನ್ನೂರಿನಲ್ಲಿ ಧನವ್ವ ಬೀಜ ಹಸನು ಮಾಡಿಕೊಂಡಿದ್ದಳು. ಒಂದೂವರೆ ವರ್ಷ ಮಗಳ ಮುಖ ನೋಡಲಿಲ್ಲ, ಧ್ವನಿ ಕೇಳಲಿಲ್ಲ. ಜೊತೆಯ ಹೆಂಗಸರು ಕೇಳಿದರೆ ಹಿಂದೆಮುಂದೆ ಯಾರಿಲ್ಲ ಎನ್ನುತ್ತಿದ್ದಳು. ಹೊಟ್ಟೆಯಲ್ಲಿ ಆಗಾಗ ಮುರಿದಂತೆ ನೋವು ಬರುತ್ತಿತ್ತು. ಅದನ್ನೂ ಯಾರಿಗೂ ಹೇಳುತ್ತಿರಲಿಲ್ಲ.

ಒಂದು ಸೋಮವಾರ ಕಂಪನಿಯಲ್ಲಿ ಕೆಲಸಗಾರ ಹೆಂಗಸರ ತಪಾಸಣೆ ಇಟ್ಟರು. ಹಾವೇರಿಯಿಂದ ಒಬ್ಬ ಡಾಕ್ಟರ್ ಮೇಡಂ, ಜೊತೆಗೆ ನರ್ಸಿಂಗ್ ಓದುವ ಎಂಟು ಹುಡುಗಿಯರು ಬಂದರು. ಬಾಗಿಲ ಹತ್ತಿರ ಮೇಜು ಹಾಕಿಕೊಂಡು ಫಾರ್ಮು ತುಂಬುತ್ತಿದ್ದವಳು ಶೀಲಾ. ಬಿಳಿ ಕೋಟು, ಬಿಗಿದು ಕಟ್ಟಿದ ಜಡೆ. ಸಾಲಿನಲ್ಲಿ ನಿಂತ ಧನವ್ವ ಹತ್ತು ಮಂದಿ ದೂರದಿಂದಲೇ ಗುರುತು ಹಿಡಿದಳು. ಸಾಲು ಬಿಟ್ಟು ಹೋಗಬೇಕಿತ್ತು, ಹೋಗಲಿಲ್ಲ. ಹತ್ತಿರದಿಂದ ಒಮ್ಮೆ ನೋಡುವ ಆಸೆ ಮಾತು ಕೊಟ್ಟದ್ದನ್ನೆಲ್ಲ ತಿಂದುಹಾಕಿತು. ಹೆಂಗಸರು ಮುಂದೆ ಸರಿದಂತೆ ಆಕೆಯೂ ಸರಿದಳು.

ಶೀಲಾ ತಲೆ ಎತ್ತಿದಳು. ಎತ್ತಿದ ತಲೆಯನ್ನು ಅಷ್ಟೇ ಸಾವಕಾಶ ಇಳಿಸಿದಳು. ಹೆಸರು ಕೇಳಿದಳು, ವಯಸ್ಸು ಕೇಳಿದಳು, ಧನವ್ವ ಹೇಳಿದಳು. ಪಕ್ಕದಲ್ಲಿ ಇಬ್ಬರು ಗೆಳತಿಯರು ಕುಂತಿದ್ದರು.

"ಮಕ್ಕಳೆಷ್ಟು?"

"ಇಲ್ರಿ" ಎಂದಳು ಧನವ್ವ. ಶೀಲಾ ಸೊನ್ನೆ ಹಾಕಿ ಒಳಗೆ ಕಳಿಸಿದಳು.

ಪರದೆಯ ಒಳಗೆ ಡಾಕ್ಟರ್ ಮೇಡಂ ಹೊಟ್ಟೆ ಒತ್ತಿ ನೋಡಿದರು. ನೋಡಿದವರ ಕೈ ಹಳೆಯ ಹೊಲಿಗೆಯ ಗೆರೆಯ ಮೇಲೆ ನಿಂತಿತು. ಫಾರ್ಮು ನೋಡಿದರು. ಶೀಲಾ, ಈ ಕಡೆ ಬಾ ಎಂದು ಕರೆದರು. ಶೀಲಾ ಪರದೆ ಸರಿಸಿ ಬಂದು ನಿಂತಳು. ಮೇಡಂ ಸಿಟ್ಟು ಮಾಡದೆ, ಕಲಿಸುವ ದನಿಯಲ್ಲೇ ಹೇಳಿದರು: "ಇದು ಆಪರೇಷನ್ ಮಾಡಿ ಹೆರಿಗಿ ಮಾಡಿಸಿದ ಗುರುತು. ನೀ ಮಕ್ಕಳಿಲ್ಲಂತ ಬರದೀದಿ. ಸರಿಯಾಗಿ ಕೇಳಿ ಬರಿಬೇಕಲ್ಲ?"

ಶೀಲಾ ಆ ಗೆರೆಯನ್ನು ನೋಡಿದಳು. ಧನವ್ವ ಸೀರೆ ಎಳೆದುಕೊಂಡು ಮುಚ್ಚಿಕೊಳ್ಳಲು ಹೋದಳು, ಮೇಡಂ ಕೈ ತಡೆದರು.

"ಕೂಸು ಉಳದಿರಲಿಕ್ಕಿಲ್ರಿ ಮೇಡಂ" ಎಂದಳು ಶೀಲಾ.

ಮೇಡಂ ಧನವ್ವನ ಕಡೆ ಬಗ್ಗಿ, ಹೌದೇನವ್ವ ಎಂದು ಮೆಲ್ಲಗೆ ಕೇಳಿದರು.

"ಹೌದ್ರಿ" ಎಂದಳು ಧನವ್ವ. "ಹೋತ್ರಿ ಅದು."

ಶೀಲಾ ಅಲ್ಲೇ ನಿಂತು ಫಾರ್ಮು ತಿದ್ದಿದಳು. ಹೆರಿಗೆ, ಒಂದು. ಬದುಕಿರುವ ಮಕ್ಕಳು, ಇಲ್ಲ. ಚಂದ್ರಪ್ಪ ಮಾಸ್ತರರು ಕಲಿಸಿದ ಅಕ್ಷರ ದುಂಡಗೆ ಚೆನ್ನಾಗಿ ಬಂತು. ಆಮೇಲೆ ಪರದೆಯಾಚೆ ಹೋಗಿ ಮುಂದಿನವಳನ್ನು ಕರೆದಳು.